ಗಂಟು ಏಳುವ ಮೊದಲೇ

ಕೊಟ್ಟಿಗೆಯ ಗೋಡೆ ಮೇಲೆ ಕೂತ ನೊಣಗಳನ್ನು ಯಾವತ್ತಾದರೂ ಹತ್ತಿರ ಹೋಗಿ ನೋಡಿ. ಮೇಲ್ನೋಟಕ್ಕೆ ಎಲ್ಲಾ ಒಂದೇ ಥರ. ಆದರೆ ಅವುಗಳಲ್ಲಿ ಒಂದು ಜಾತಿ ತಲೆ ಮೇಲೆ ಮಾಡಿ ಕೂರುತ್ತದೆ. ಊಟದ ತಟ್ಟೆ ಮೇಲೆ ಕೂರುವ ನೊಣ ಗೋಡೆಗೆ ಕೂತರೆ ಸಾಮಾನ್ಯವಾಗಿ ತಲೆ ಕೆಳಗೆ. ಈ ಇನ್ನೊಂದರ ಮೂತಿಯಿಂದ ಸೂಜಿಯಂಥ ಕಪ್ಪು ಕೊಂಡಿ ನೇರ ಮುಂದಕ್ಕೆ ಚಾಚಿರುತ್ತದೆ. ಹೊಟ್ಟೆ ಮೇಲೆ ಕಪ್ಪು ಚುಕ್ಕೆ. ಇದೇ ಕಚ್ಚುವ ನೊಣ. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ, ಇದರಲ್ಲಿ ಗಂಡೂ ಹೀರುತ್ತದೆ, ಹೆಣ್ಣೂ ಹೀರುತ್ತದೆ.

ಇದು ಹೆಚ್ಚಾಗಿ ದನದ ಕಾಲಿಗೇ ಕಚ್ಚುತ್ತದೆ. ತುಂಬಾ ನೋವಾಗುತ್ತದೆ. ಹಸು ಕಾಲು ಝಾಡಿಸುತ್ತದೆ, ನೆಲಕ್ಕೆ ಕುಟ್ಟುತ್ತದೆ. ನೊಣ ಅರ್ಧ ಹೊಟ್ಟೆಗೇ ಎದ್ದು ಪಕ್ಕದ ಹಸುವಿನ ಮೇಲೆ ಕೂರುತ್ತದೆ. ಅಲ್ಲಿ ಉಳಿದ ಊಟ. ಅಲ್ಲೂ ಓಡಿಸಿದರೆ ಮೂರನೆಯದು. ಮೊದಲ ಹಸುವಿನ ಮೈಯಲ್ಲಿ ವೈರಸ್ ಇದ್ದರೆ ಅದು ಈ ಸೂಜಿಗೆ ಅಂಟಿಕೊಂಡು ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗುತ್ತದೆ. ನೊಣ ಪೂರ್ತಿ ಹೊಟ್ಟೆ ತುಂಬಿಸಿಕೊಂಡು ಸುಮ್ನೆ ಹೋಗಿ ಗೋಡೆಗೆ ಕೂತಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ.

ದನದ ಮೈ ತುಂಬಾ ಗಂಟು ಏಳಿಸುವ ಚರ್ಮಗಂಟು (ಲಂಪಿ ಸ್ಕಿನ್) ರೋಗ ಹರಡುವ ಮುಖ್ಯ ದಾರಿ ಇದು. ಸೊಳ್ಳೆ, ಉಣ್ಣೆ ಕೂಡ ಇದರಲ್ಲಿ ಪಾಲುದಾರರು. ಆದರೆ ಕೊಟ್ಟಿಗೆಯೊಳಗೆ ಕಣ್ಣಿಗೆ ಕಾಣುವ, ನಾವು ಕೈಯಾರೆ ಏನಾದರೂ ಮಾಡಬಹುದಾದ ಶತ್ರು ಈ ನೊಣ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಮಳೆ ನಂಬಿದ ಹೊಲ, ರಾಗಿ, ಅಲ್ಲಲ್ಲಿ ಬೋರ್‌ವೆಲ್ ಇದ್ದವರ ಅಡಿಕೆ, ತೆಂಗು. ಮಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಹಾಲಿನಿಂದಲೇ. ಬೆಳಿಗ್ಗೆ, ಸಂಜೆ ಡೈರಿ ಮುಂದೆ ಕ್ಯಾನು ಹಿಡಿದು ನಿಲ್ಲುವವರಲ್ಲಿ ಹೆಚ್ಚಿನವರು ಹೆಂಗಸರು. ಮಕ್ಕಳ ಫೀಸು, ಸಂಘದ ಕಂತು, ಆಸ್ಪತ್ರೆ ಖರ್ಚು ಎಲ್ಲಾ ಆ ಬಟವಾಡೆ ದುಡ್ಡಲ್ಲೇ. 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಸಾಲಲ್ಲಿ ಒಬ್ಬೊಬ್ಬರೇ ಕಾಣೆಯಾಗತೊಡಗಿದರು. ಕೇಳಿದರೆ ಒಂದೇ ಮಾತು: "ಹಸಕ್ಕೆ ಗಂಟಾಗೈತೆ."

ಮೊದಲು ಏನೂ ಗೊತ್ತಾಗುವುದಿಲ್ಲ. ಹಸು ಬೂಸಾ ಮೂಸಿ ನೋಡಿ ಬಿಡುತ್ತದೆ. ಕಣ್ಣಲ್ಲಿ, ಮೂಗಲ್ಲಿ ನೀರು. ಮೈ ಮುಟ್ಟಿದರೆ ಕಾದ ಹಂಚು. ಹೆಗಲ ಮುಂದೆ ಕೈಯಾಡಿಸಿದರೆ ಒಳಗೆ ಗಡ್ಡೆ ಸಿಗುತ್ತದೆ. ಸಂಜೆ ಕರೆಯಲು ಕೂತರೆ ಹಾಲು ಅರ್ಧಕ್ಕೆ ಇಳಿದಿರುತ್ತದೆ. ಆಮೇಲೆ ಒಂದೆರಡು ದಿನದಲ್ಲಿ ಕತ್ತು, ಬೆನ್ನು, ಕೆಚ್ಚಲು ಅನ್ನದೆ ಗಂಟು ಏಳುತ್ತವೆ. ಕೂದಲು ನಿಮಿರಿ ನಿಲ್ಲುತ್ತದೆ. ಗಂಗೆದೊಗಲು, ಕಾಲು ನೀರು ತುಂಬಿ ಬಾತುಕೊಳ್ಳುತ್ತವೆ. ಕೆಲವಕ್ಕೆ ಬಾಯೊಳಗೆ, ಗಂಟಲಲ್ಲಿ ಕೂಡ ಗಂಟು. ಅಂಥವು ಮೇವು ನುಂಗಲಾರವು. ಮೊಲೆಗೆ ಆದರೆ ಕರುವಿಗೆ ಹಾಲಿಲ್ಲ. ಗಂಟು ಒಡೆದು ಅದರ ನಡುವಿನ ಸತ್ತ ಚರ್ಮ ಬಿಲ್ಲೆಯಂತೆ ಉದುರಿದರೆ ಕೆಳಗೆ ತೂತು. ಆ ತೂತಿಗೆ ಬೇರೆ ನೊಣ ಬಂದು ಮೊಟ್ಟೆ ಇಟ್ಟರೆ ಹುಳ.

ನಮ್ಮ ಅತ್ತಿಗೆ ಕಟ್ಟಿದ್ದ ಸೀಮೆ ಹಸು ಬದುಕಿತು. ಅದರ ಕರು ಉಳಿಯಲಿಲ್ಲ. ಹಸು ಬದುಕಿತು ಅಂತ ಹೇಳುವುದು ಸುಲಭ. ಮೈ ತುಂಬಾ ಕಲೆ, ಹಾಲು ಮೊದಲಿನಷ್ಟು ಬರಲೇ ಇಲ್ಲ, ಬೆದೆಗೆ ಬರುವುದೂ ತಡವಾಯಿತು. ಈ ರೋಗದಲ್ಲಿ ಸಾಯುವ ದನಗಳ ಪಾಲು ಸಾಮಾನ್ಯವಾಗಿ ಕಡಿಮೆಯೇ. ಬದುಕಿದ ದನ ಮನೆಗೆ ಹೊರೆಯಾಗಿ ಉಳಿಯುವ ಲೆಕ್ಕ ಮಾತ್ರ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ದುಡಿಯುವ ಎತ್ತಿಗೆ ಬಂದರೆ ಆ ಹಂಗಾಮಿನ ಉಳುಮೆಯೇ ಹೋಯಿತು.

ಈ ರೋಗ ಹುಟ್ಟಿದ್ದು ಇಲ್ಲಲ್ಲ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡಿತು. ಬಹಳ ಕಾಲ ಆಫ್ರಿಕಾದಲ್ಲೇ ಇತ್ತು. ಆಮೇಲೆ ಈಜಿಪ್ಟ್, ಇಸ್ರೇಲ್, ತುರ್ಕಿ ದಾಟಿ ಯುರೋಪಿನ ಅಂಚಿಗೆ ಬಂತು. ನಮ್ಮ ದೇಶಕ್ಕೆ ಕಾಲಿಟ್ಟದ್ದು 2019ರಲ್ಲಿ, ಒಡಿಶಾದಲ್ಲಿ. 2020ರಲ್ಲೇ ಕರ್ನಾಟಕದಲ್ಲೂ ಕಾಣಿಸಿಕೊಂಡಿತ್ತು. ಆಗ ಜನ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಕೊರೊನಾ ಗಲಾಟೆಯಲ್ಲಿ ಅದು ಮುಳುಗಿಹೋಯಿತು. 2022ರಲ್ಲಿ ಗುಜರಾತ್, ರಾಜಸ್ಥಾನದಲ್ಲಿ ಎದ್ದಾಗ ಅದರ ರೂಪವೇ ಬೇರೆ. ಆ ವರ್ಷ ದೇಶದಲ್ಲಿ ಸತ್ತ ದನಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ರಾಜಸ್ಥಾನದ ಊರಾಚೆ ಸಾಲಾಗಿ ಬಿದ್ದ ಹಸುಗಳ ಫೋಟೊ ಎಲ್ಲರ ಮೊಬೈಲಿಗೂ ಬಂತು. ಅದನ್ನು ನೋಡುವಾಗ ನಮಗೆಲ್ಲಾ ಅನ್ನಿಸಿದ್ದು, ಅಯ್ಯೋ ಪಾಪ, ಅಷ್ಟೇ. ಅದು ಹಾವೇರಿಗೆ, ಕೋಲಾರಕ್ಕೆ, ತುಮಕೂರಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ.

ನೊಣ ಅಷ್ಟು ದೂರ ಹಾರುತ್ತಾ? ಇಲ್ಲ. ನೊಣದ ಓಡಾಟ ಸಾಮಾನ್ಯವಾಗಿ ಒಂದು ಊರು, ಹೆಚ್ಚೆಂದರೆ ಅಕ್ಕಪಕ್ಕದ ಊರು. ಜೋರು ಗಾಳಿಯಲ್ಲಿ ತೇಲಿ ಹೋಗುವುದುಂಟು. 1989ರಲ್ಲಿ ಇಸ್ರೇಲಿಗೆ ರೋಗ ಬಂದದ್ದು ಈಜಿಪ್ಟ್ ಕಡೆಯಿಂದ ಗಾಳಿಯಲ್ಲಿ ಬಂದ ನೊಣಗಳಿಂದ ಎಂದು ಅಲ್ಲಿನ ವಿಜ್ಞಾನಿಗಳು ಊಹಿಸಿದ್ದರು. ಆದರೆ ಸಾವಿರಾರು ಕಿಲೋಮೀಟರ್ ದಾಟಿಸುವುದು ಲಾರಿ. ಸಂತೆಯಲ್ಲಿ ಕೊಂಡ ಹಸು, ಜಾತ್ರೆಗೆ ಹೋಗಿ ಬಂದ ಜೋಡೆತ್ತು. ಜ್ವರ ಬಂದಿರುತ್ತದೆ, ಗಂಟು ಇನ್ನೂ ಎದ್ದಿರುವುದಿಲ್ಲ. ಮಾರುವವನಿಗೂ ಗೊತ್ತಿರುವುದಿಲ್ಲ, ಕೊಳ್ಳುವವನಿಗೂ ಗೊತ್ತಾಗುವುದಿಲ್ಲ. ನಾವು ಊರಿಂದ ಊರಿಗೆ ಸಾಗಿಸುತ್ತೇವೆ, ಊರೊಳಗೆ ಹಂಚುವ ಕೆಲಸ ನೊಣ ಮಾಡುತ್ತದೆ. ಹಾಗಾಗಿ ತಡೆಯುವ ಕೆಲಸವೂ ಎರಡು ಕಡೆ ಆಗಬೇಕು. ಒಂದು ಬಿಟ್ಟು ಇನ್ನೊಂದು ಮಾಡಿದರೆ ಅರ್ಧ ಬೇಲಿ ಹಾಕಿದಂತೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಕುರಿಗಳ ವಿಷಯ ಹೇಳುತ್ತೇನೆ, ಯಾಕೆಂದರೆ ಎರಡನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ನನಗೆ ಹುಳುಗಳ ಕಥೆ ಸರಿಯಾಗಿ ಅರ್ಥವಾಯಿತು. ಶಿರಾ, ಪಾವಗಡ, ಚಳ್ಳಕೆರೆ ಕಡೆ ಕುರಿ ಮೇಯಿಸುವವರಿಗೆ ನೀಲಿ ನಾಲಿಗೆ ರೋಗ ಹಳೆಯ ಪರಿಚಯ. ಹಿಂಗಾರು ಮಳೆಯ ಹೊತ್ತಿಗೆ ಬರುತ್ತದೆ. ಕುರಿಯ ಮುಖ ಊದುತ್ತದೆ, ಬಾಯಿ ಹುಣ್ಣಾಗುತ್ತದೆ, ಗೊರಸಿನ ಮೇಲೆ ಕೆಂಪಾಗಿ ಕುಂಟುತ್ತದೆ. ಕೆಲವದರ ನಾಲಿಗೆ ಊದಿ ನೀಲಿ ತಿರುಗುತ್ತದೆ. ಇದನ್ನು ಹರಡುವುದು ಸಾಸಿವೆಗಿಂತ ಸಣ್ಣ ನುಸಿ. ಕೆಸರು, ಸಗಣಿ ಕಲೆತ ಜೌಗು ನೆಲದಲ್ಲಿ ಹುಟ್ಟುತ್ತದೆ. ಸೊಳ್ಳೆ ಪರದೆಯ ಕಣ್ಣಲ್ಲೂ ನುಸುಳಿ ಬರುವಷ್ಟು ಸಣ್ಣದು.

ವ್ಯತ್ಯಾಸ ಎಲ್ಲಿದೆ ಅಂದರೆ, ನೀಲಿ ನಾಲಿಗೆಯ ವೈರಸ್ ನುಸಿಯ ಹೊಟ್ಟೆಗೆ ಹೋಗಿ, ಅಲ್ಲಿ ಬೆಳೆದು, ಕೆಲವು ದಿನ ಕಳೆದು ಜೊಲ್ಲಿಗೆ ಬರುತ್ತದೆ. ಆಮೇಲೆ ಆ ನುಸಿ ಬದುಕಿರುವಷ್ಟು ಕಾಲ ರೋಗ ಹಂಚುತ್ತದೆ. ಬೆಚ್ಚಗಿದ್ದರೆ ಬೇಗ ಬೆಳೆಯುತ್ತದೆ, ಚಳಿಯಿದ್ದರೆ ನಿಧಾನ. ಚರ್ಮಗಂಟಿನ ವೈರಸ್ ನೊಣದೊಳಗೆ ಬೆಳೆಯುವುದಿಲ್ಲ, ಮೂತಿಗೆ ಅಂಟಿಕೊಂಡು ಹೋಗುತ್ತದೆ ಅಷ್ಟೇ. ಒಂದು ಹಸುವಿಂದ ಇನ್ನೊಂದಕ್ಕೆ ನೊಣ ಬೇಗ ಹಾರಬೇಕು, ಆಗಲೇ ಅಪಾಯ. ನುಸಿ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ನೊಣ ಕಚ್ಚುವುದು ಹಗಲಲ್ಲಿ.

ಇದು ಬರೀ ಪುಸ್ತಕದ ಮಾತಲ್ಲ. ನಾವು ಸಂಜೆ ಆರು ಗಂಟೆಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಹೊಗೆ ಹಾಕುತ್ತೇವಲ್ಲ, ಅದು ಸೊಳ್ಳೆಗೆ, ನುಸಿಗೆ ಸರಿ. ಕುರಿ ರೊಪ್ಪದ ಸುತ್ತ ಹೊಗೆ ಹಾಕುವುದು ಹಿರಿಯರು ಮಾಡಿಕೊಂಡು ಬಂದದ್ದು, ಅದರಲ್ಲಿ ಅರ್ಥ ಇದೆ. ಆದರೆ ಕಚ್ಚುವ ನೊಣ ಆ ಹೊತ್ತಿಗೆ ತನ್ನ ಕೆಲಸ ಮುಗಿಸಿ ಗೋಡೆ ಸೇರಿರುತ್ತದೆ. ಹೊಗೆ ಹಾಕಿದ್ದೇವೆ, ಇನ್ನೇನೂ ಭಯ ಇಲ್ಲ ಅನ್ನುವಂತಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ತುಂಬಿಸಿದರೆ ಎಳೆಗರುಗಳಿಗೆ ಉಸಿರು ಕಟ್ಟುತ್ತದೆ, ಅದೂ ನೆನಪಿರಲಿ.

ಹಾಗಾದರೆ ನೊಣಕ್ಕೇನು ಮಾಡಬೇಕು? ಅದು ಹುಟ್ಟುವ ಜಾಗ ನೋಡಬೇಕು. ಈ ನೊಣಕ್ಕೆ ಬರೀ ಹಸಿ ಸಗಣಿ ಅಷ್ಟು ಇಷ್ಟವಲ್ಲ. ಹುಲ್ಲು, ಸಗಣಿ, ಗಂಜಲ ಮೂರೂ ಕಲೆತು ಒದ್ದೆಯಾಗಿ ಕೊಳೆಯುತ್ತಿರುವ ಜಾಗ ಬೇಕು. ಗೋದಲಿ ಕೆಳಗೆ ಬಿದ್ದು ಗಂಜಲದಲ್ಲಿ ನೆನೆದ ಮೇವು. ಕರು ಕಟ್ಟುವ ಮೂಲೆ. ರಾಗಿ ಹುಲ್ಲಿನ ಮೆದೆಯ ಬುಡದಲ್ಲಿ ಮಳೆನೀರು ನಿಂತು ಕಪ್ಪಾದ ಹುಲ್ಲು. ಸೈಲೇಜ್ (ಹುದುಗಿಸಿಟ್ಟ ಹಸಿ ಮೇವು) ಚೀಲ ಹರಿದು ಸುರಿದ ಕಡೆ. ಕೋಲಿನಿಂದ ಕೆದಕಿ ನೋಡಿದರೆ ಅಕ್ಕಿಯಂಥ ಬಿಳಿ ಹುಳ ಮಿಲಮಿಲ ಅನ್ನುತ್ತವೆ. ನಮ್ಮ ಹವೆಗೆ ಮೊಟ್ಟೆಯಿಂದ ನೊಣವಾಗಲು ಎರಡು ಮೂರು ವಾರ ಸಾಕು. ಅಂದರೆ ವಾರಕ್ಕೊಮ್ಮೆ ಆ ಜಾಗ ಕೆರೆದು, ಕೆರೆದದ್ದನ್ನು ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿದರೆ ಆ ಹುಳ ನೊಣವಾಗುವ ಮೊದಲೇ ಸಾಯುತ್ತದೆ. ಒಣಗಿದ ಜಾಗದಲ್ಲಿ ಅದು ಬದುಕುವುದಿಲ್ಲ. ಇದಕ್ಕೆ ಔಷಧಿ ಅಂಗಡಿಗೆ ಒಂದು ರೂಪಾಯಿ ಕೊಡಬೇಕಿಲ್ಲ. ಗುದ್ದಲಿ, ಬಾಂಡ್ಲಿ ಸಾಕು.

ಸಾಲದ್ದು ಏನೆಂದರೆ, ನನ್ನ ಕೊಟ್ಟಿಗೆ ಒಂದೇ ಚೊಕ್ಕಟವಾದರೆ ಉಪಯೋಗ ಕಡಿಮೆ. ಪಕ್ಕದ ಮನೆಯ ತಿಪ್ಪೆ ನಮ್ಮ ಗೋಡೆಗೆ ಒರಗಿದೆ. ಅವರ ನೊಣ, ನಮ್ಮ ನೊಣ ಅಂತ ಗುರುತು ಇರುತ್ತಾ? ತಿಪ್ಪೆಯ ಮಾತೆತ್ತುವುದು ಹಳ್ಳಿಯಲ್ಲಿ ಸೂಕ್ಷ್ಮ. ದೀಪಾವಳಿಗೆ ತಿಪ್ಪೆಗೂ ದೀಪ ಇಡುವ ಊರು ನಮ್ಮದು. ಪಕ್ಕದ ಮನೆ ದೊಡ್ಡಪ್ಪನ ಹತ್ತಿರ ತಿಪ್ಪೆ ಸ್ವಲ್ಪ ಆಚೆ ಹಾಕಿಸೋಣ ಅಂದಾಗ ಅವರು ಮುಖ ಗಂಟಿಕ್ಕಿದರು.

"ನಮ್ಮಪ್ಪನ ಕಾಲ್ದಿಂದ ಇಲ್ಲೇ ಐತೆ ಕಣಪ್ಪ. ಈಗೇನು ಹೊಸದಾಗಿ?"

"ಆಗ ಈ ಕಾಯಿಲೆ ಇರ್ಲಿಲ್ಲ ದೊಡ್ಡಪ್ಪ. ನಿಮ್ ಹಸಗೂ ಒಳ್ಳೇದಲ್ವಾ."

ಅವರು ಒಪ್ಪಿದ್ದು ನನ್ನ ಮಾತಿಗಲ್ಲ. ಗೋದಲಿ ಕೆಳಗಿನ ಹುಳ ತೋರಿಸಿದೆವು. ಅವರ ಹಸು ದಿನವಿಡೀ ಮುಂಗಾಲು ಕುಟ್ಟುತ್ತಿತ್ತು, ಅದಕ್ಕೂ ಈ ಹುಳಕ್ಕೂ ಇರುವ ಸಂಬಂಧ ಕಣ್ಣಾರೆ ಕಂಡ ಮೇಲೆ ಅವರೇ ಮಗನನ್ನು ಕೂಗಿ ಟ್ರ್ಯಾಕ್ಟರ್ ತರಿಸಿದರು. ತಿಪ್ಪೆ ಹೊಲದ ಬದಿಗೆ ಹೋಯಿತು. ಮೇಲೆ ಹಳೆಯ ಟಾರ್ಪಾಲು ಹೊದಿಸಿದರು. ಹೊದಿಸಿದರೆ ಒಳಗೆ ಕಾವು ಏರಿ ಹುಳ ಉಳಿಯುವುದಿಲ್ಲ, ಗೊಬ್ಬರವೂ ಚೆನ್ನಾಗಿ ಕಳಿಯುತ್ತದೆ.

ಉಣ್ಣೆಗೆ, ನೊಣಕ್ಕೆ ಮೈಗೆ ಹಚ್ಚುವ, ಬೆನ್ನ ಮೇಲೆ ಸುರಿಯುವ ಔಷಧಿಗಳಿವೆ. ಅವು ವಿಷವೇ. ಅಳತೆ ತಪ್ಪಿದರೆ ದನಕ್ಕೂ ಕಷ್ಟ, ಹಾಲಿಗೂ ಸೇರುತ್ತದೆ. ಡಾಕ್ಟರನ್ನು ಕೇಳದೆ ಅಂಗಡಿಯವನು ಕೊಟ್ಟದ್ದನ್ನು ನೀರಿಗೆ ಕಲಸಿ ಎರಚುವುದು ಬೇಡ. ಬೇವಿನ ಎಣ್ಣೆ ಸವರುವುದರಿಂದ ತಕ್ಕಮಟ್ಟಿಗೆ ನೊಣ ದೂರ ಇರುತ್ತದೆ, ಆದರೆ ಮತ್ತೆ ಮತ್ತೆ ಸವರಬೇಕು.

ಈಗ ಲಸಿಕೆಯ ಮಾತು. ನಾನು ಈ ಬರಹ ಬರೆಯಲು ಕೂತದ್ದೇ ಇದಕ್ಕೆ.

ಚರ್ಮಗಂಟಿನ ವೈರಸ್ಸು, ಕುರಿ ಸಿಡುಬು, ಮೇಕೆ ಸಿಡುಬಿನ ವೈರಸ್ಸುಗಳು ಒಂದೇ ಕುಲದವು. ಅದಕ್ಕೇ 2022ರಲ್ಲಿ ನಮ್ಮ ಹಸುಗಳಿಗೆ ಚುಚ್ಚಿದ್ದು ಮೇಕೆ ಸಿಡುಬಿನ ಲಸಿಕೆ. ಅದು ಕೆಲಸ ಮಾಡುತ್ತದೆ, ಆದರೆ ಅದೇ ರೋಗದ ಲಸಿಕೆಯಷ್ಟು ಗಟ್ಟಿ ಅಲ್ಲ. ರಾಂಚಿಯ ಹಸುವಿನಿಂದ 2019ರಲ್ಲಿ ತೆಗೆದ ವೈರಸ್ಸಿನಿಂದ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರ ಮತ್ತು ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆ ಸೇರಿ 'ಲಂಪಿ ಪ್ರೊವ್ಯಾಕ್ ಇಂಡ್' ಎಂಬ ಲಸಿಕೆ ಮಾಡಿದವು. 2022ರ ಆಗಸ್ಟಿನಲ್ಲಿ ಅದನ್ನು ಬಿಡುಗಡೆ ಮಾಡಿದರು. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನ ಬಯೋವೆಟ್ ಕಂಪನಿಯ 'ಬಯೋಲಂಪಿವ್ಯಾಕ್ಸಿನ್'ಗೆ 2025ರಲ್ಲಿ ಪರವಾನಗಿ ಸಿಕ್ಕಿತು. ಇದರ ವಿಶೇಷ ಅಂದರೆ, ರಕ್ತ ಪರೀಕ್ಷೆ ಮಾಡಿದರೆ ಹಸುವಿಗೆ ಲಸಿಕೆ ಹಾಕಿದ್ದೋ ನಿಜವಾದ ರೋಗ ಬಂದಿದ್ದೋ ಗೊತ್ತಾಗುತ್ತದೆ. ನಮ್ಮ ರಾಜ್ಯದಲ್ಲೇ ಇಂಥದ್ದು ತಯಾರಾಗಿದೆ ಅನ್ನುವುದು ನನಗೆ ನಿಜಕ್ಕೂ ಹೆಮ್ಮೆ.

ಆದರೆ ಲಸಿಕೆ ಬಾಟಲಿಯಲ್ಲಿ ಇದ್ದರೆ ಆಗಲಿಲ್ಲ, ಹಸುವಿನ ಮೈಗೆ ಹೋಗಬೇಕು. ಹೋದ ಮೇಲೂ ಪೂರ್ತಿ ಶಕ್ತಿ ಬರಲು ಸುಮಾರು ಮೂರು ವಾರ ಬೇಕು. ರೋಗ ಮೈಯಲ್ಲಿ ಹೊಕ್ಕು ಗಂಟಾಗಿ ಕಾಣಲು ಎಷ್ಟೋ ಸಲ ಒಂದು ವಾರ, ಎರಡು ವಾರ ಸಾಕು. ಲೆಕ್ಕ ನೀವೇ ಹಾಕಿ. ಪಕ್ಕದ ಹಟ್ಟಿಯಲ್ಲಿ ಗಂಟು ಎದ್ದ ಮೇಲೆ ಸೂಜಿ ಹಿಡಿದರೆ ರೋಗವೇ ಗೆಲ್ಲುತ್ತದೆ. ನಮ್ಮೂರಲ್ಲಿ ಆದದ್ದು ಅದೇ. ಸಿಬ್ಬಂದಿ ಐಸ್ ಡಬ್ಬಿ ಹಿಡಿದು ಬರುವ ಹೊತ್ತಿಗೆ ಆಗಲೇ ಎಷ್ಟೋ ಕೊಟ್ಟಿಗೆಗಳಲ್ಲಿ ಜ್ವರ ಇತ್ತು. ಲಸಿಕೆ ಹಾಕಿಸಿದ ಮೇಲೇ ಗಂಟು ಎದ್ದಿತು ಅಂತ ಜನ ಬೈದರು. ವೈರಸ್ ಅದಕ್ಕೆ ಮೊದಲೇ ಮೈಯಲ್ಲಿ ಕೂತಿತ್ತು ಅಂತ ಯಾರು ಬಿಡಿಸಿ ಹೇಳಬೇಕು? ಬಂದಿದ್ದ ಒಬ್ಬರೇ ಪಶು ಪರಿವೀಕ್ಷಕರಿಗೆ ಹತ್ತಾರು ಊರು. ಅವರ ಮೇಲೆ ನನಗೆ ಸಿಟ್ಟಿಲ್ಲ. ರೋಗ ಬಂದ ಮೇಲೇ ಎಚ್ಚರವಾಗುವ ನಮ್ಮೆಲ್ಲರ ಅಭ್ಯಾಸದ ಮೇಲೆ ಸಿಟ್ಟಿದೆ.

ಮೊದಲೇ ಚುಚ್ಚಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. 2016ರಲ್ಲಿ ಬಲ್ಗೇರಿಯಾ, ಸರ್ಬಿಯಾ, ಅಲ್ಬೇನಿಯಾ ಕಡೆಯ ದೇಶಗಳಲ್ಲಿ ಈ ರೋಗ ಹಬ್ಬಿತು. ಆ ವರ್ಷ ಅಲ್ಲಿ 7,483 ಕಡೆ ರೋಗ ಕಂಡಿತ್ತು. ಊರೂರಿಗೂ ಹೋಗಿ ಎಲ್ಲಾ ದನಗಳಿಗೂ ಲಸಿಕೆ ಹಾಕಿದರು. ಕಾಯಿಲೆ ಇದ್ದ ಊರು, ಇಲ್ಲದ ಊರು ಅಂತ ನೋಡಲಿಲ್ಲ. ಪಕ್ಕದ ಕ್ರೊಯೇಷಿಯಾದಲ್ಲಂತೂ ರೋಗ ಬರುವ ಮೊದಲೇ ಹಾಕಿಸಿಬಿಟ್ಟರು, ಅಲ್ಲಿಗೆ ಬರಲೇ ಇಲ್ಲ. 2017ರಲ್ಲಿ ಆ ಸಂಖ್ಯೆ 385ಕ್ಕೆ ಇಳಿಯಿತು. ನೊಣ ಅಲ್ಲೂ ಇತ್ತು. ನೊಣ ಕಚ್ಚಿದರೂ ರೋಗ ಹತ್ತದ ಹಾಗೆ ದನಗಳನ್ನು ಸಿದ್ಧ ಮಾಡಿದ್ದರು. ಇಷ್ಟು ಕಲಿತ ಯುರೋಪಿನಲ್ಲೂ 2025ರಲ್ಲಿ ಇಟಲಿ, ಫ್ರಾನ್ಸ್, ಸ್ಪೇನ್‌ಗಳಿಗೆ ರೋಗ ನುಗ್ಗಿತು. ಅಲ್ಲಿನ ದನಗಳಿಗೆ ಅದುವರೆಗೆ ಲಸಿಕೆ ಆಗಿರಲಿಲ್ಲ. ಸುತ್ತಮುತ್ತ ಶಾಂತವಾಗಿದ್ದಾಗ ಹಾಕಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ? ನಮ್ಮಲ್ಲೂ ಹಾಗೇ.

ಕರ್ನಾಟಕದಲ್ಲಿ 2019ರ ಗಣತಿಯಂತೆ ದನಗಳೇ ಸುಮಾರು 85 ಲಕ್ಷ. ಮುಂಗಾರು ಶುರುವಾಗುವ ಮೊದಲೇ, ಏಪ್ರಿಲ್ ಮೇನಲ್ಲೇ, ಲಸಿಕೆ ಮುಗಿಯಬೇಕು. ಮಳೆ ಬಿದ್ದ ಮೇಲೆ ನೊಣ, ಸೊಳ್ಳೆ ಏರುತ್ತವೆ, ಆಮೇಲೆ ಓಟ ಶುರು. ಯಲಹಂಕದಲ್ಲಿ ನಿವೇದಿ ಎಂಬ ಕೇಂದ್ರ ಸಂಸ್ಥೆ ಇದೆ. ಯಾವ ಜಿಲ್ಲೆಗೆ ಮುಂದೆ ಯಾವ ಜಾನುವಾರು ರೋಗ ಬರಬಹುದು ಎಂದು ಎರಡು ತಿಂಗಳು ಮುಂಚೆಯೇ ಹೇಳುವ ಕೆಲಸ ಅವರದು. ಹವಾಮಾನದ ಸುದ್ದಿ ಹೇಳಿದ ಹಾಗೆ ಇದನ್ನೂ ಡೈರಿಯ ಬೋರ್ಡ್ ಮೇಲೆ ಬರೆದು ಹಾಕಿದರೆ ಎಷ್ಟು ಒಳ್ಳೆಯದು.

ಲಸಿಕೆ ಹಾಕುವಾಗ ನಾವು ಕಣ್ಣಿಟ್ಟು ನೋಡಬೇಕಾದ ಒಂದು ವಿಷಯ ಇದೆ: ಸೂಜಿ. ಒಂದು ಹಸುವಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಂದಕ್ಕೆ ಚುಚ್ಚಿದರೆ ನೊಣ ಮಾಡುವ ಕೆಲಸವನ್ನು ನಾವೇ ಮಾಡಿದಂತೆ. ನೊಣದ ಮೂತಿಗಿಂತ ನಮ್ಮ ಸೂಜಿ ದಪ್ಪ, ಆಳಕ್ಕೆ ಹೋಗುತ್ತದೆ. ಪ್ರತಿ ಹಸುವಿಗೂ ಹೊಸ ಸೂಜಿ ಕೇಳುವುದು ಅವಮಾನ ಮಾಡಿದಂತೆ ಅಲ್ಲ. "ಸಾರ್, ಸೂಜಿ ಬದಲಾಯ್ಸಿ" ಅಂದರೆ ಸಾಕು. ಸೂಜಿ ಸಾಲದಿದ್ದರೆ ಡೈರಿ ದುಡ್ಡಲ್ಲಿ ತರಿಸಿ ಕೊಡಿ, ಅದೇನು ದೊಡ್ಡ ಖರ್ಚಲ್ಲ. ಜ್ವರ ಇರುವ ದನಕ್ಕೆ ಆ ದಿನ ಹಾಕಿಸಬೇಡಿ. ಲಸಿಕೆ ಐಸಿನಲ್ಲೇ ಇರಬೇಕು, ಪುಡಿಗೆ ನೀರು ಕಲಸಿದ ಮೇಲೆ ಬೇಗ ಮುಗಿಸಬೇಕು. ಬಿಸಿಲಲ್ಲಿ ಬೈಕಿನ ಮೇಲೆ ಸುತ್ತಿದ ಬಾಟಲಿಯಿಂದ ಪ್ರಯೋಜನ ಇಲ್ಲ. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಸಣ್ಣ ಜ್ವರ, ಚುಚ್ಚಿದ ಕಡೆ ಸಣ್ಣ ಗಡ್ಡೆ, ಹಾಲು ಸ್ವಲ್ಪ ಇಳಿಯುವುದು ಆಗಬಹುದು. ಅದಕ್ಕೆ ಹೆದರಿ ಮುಂದಿನ ಸಲ ಹಸುವನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವವರನ್ನು ನಾನೇ ನೋಡಿದ್ದೇನೆ. ಎರಡು ದಿನದ ಎರಡು ಲೀಟರ್ ಹಾಲಿಗಾಗಿ ಹಸುವನ್ನೇ ಪಣಕ್ಕಿಡುವುದು ಬೇಡ.

ಕುರಿಗೂ ಲಸಿಕೆ ಇದೆ. ನೀಲಿ ನಾಲಿಗೆಯ ವೈರಸ್ಸಿನಲ್ಲಿ ಬಗೆಗಳು ಬಹಳ, ಹಾಗಾಗಿ ನಮ್ಮ ದೇಶದಲ್ಲಿ ಹೆಚ್ಚು ಕಾಡುವ ಐದು ಬಗೆ ಸೇರಿಸಿ ಒಂದು ಲಸಿಕೆ ಮಾಡಿದ್ದಾರೆ. ಹಿಂಗಾರಿಗೆ ಮೊದಲು ಕೇಳಿ ಹಾಕಿಸಬೇಕು. ಕುರಿಗಾರರು ಊರೂರು ಅಲೆಯುವವರು, ಅವರ ಮಂದೆ ಇರುವ ಕಡೆಗೇ ಲಸಿಕೆ ಹೋಗಬೇಕು. ಇವರು ಆಸ್ಪತ್ರೆ ಹುಡುಕಿಕೊಂಡು ಬರಲಿ ಅಂತ ಕಾದರೆ ಆಗದು.

2022ರಲ್ಲಿ ಸಂತೆ, ಜಾನುವಾರು ಜಾತ್ರೆ ನಿಲ್ಲಿಸಿದಾಗ ಎಷ್ಟೋ ರೈತರಿಗೆ ಬೇಜಾರಾಯಿತು. ನನಗೂ ಜಾತ್ರೆ ಅಂದರೆ ಪ್ರೀತಿ. ಹಳ್ಳಿಕಾರ್ ಹೋರಿಗಳನ್ನು ಸಿಂಗರಿಸಿ ಚಪ್ಪರದಡಿ ಕಟ್ಟಿದ್ದನ್ನು ನೋಡಲು ಎರಡು ಕಣ್ಣು ಸಾಲದು. ಆದರೆ ಹತ್ತು ಜಿಲ್ಲೆಯ ದನ ಒಂದು ಬಯಲಲ್ಲಿ ಕಟ್ಟಿದರೆ ನೊಣಕ್ಕೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಆ ನಿರ್ಧಾರ ಸರಿಯಾಗಿತ್ತು. ಹೊಸ ಹಸು ತಂದರೆ ನಾಲ್ಕು ವಾರ ಬೇರೆ ಕಡೆ ಕಟ್ಟಿ. ಜಾಗ ಎಲ್ಲಿದೆ ಸ್ವಾಮಿ ಅನ್ನುತ್ತೀರಿ, ಗೊತ್ತು. ಹೊಲದ ಮರದಡಿ ಆದರೂ ಸರಿ, ಉಳಿದವಕ್ಕೆ ಲಸಿಕೆ ಆಗಿದೆಯಾ ಅಂತ ನೋಡಿಕೊಂಡು.

ಕೆಲವು ಊರುಗಳಲ್ಲಿ ದನಕ್ಕೆ 'ಅಮ್ಮ' ಆಗಿದೆ, ಔಷಧಿ ಮಾಡಬಾರದು ಅಂದರು. ಸಿಡುಬನ್ನು ಕಂಡ ಹಿರಿಯರ ನೆನಪು ಅದು. ಆ ನಂಬಿಕೆಯನ್ನು ನಾನು ಹೀಗಳೆಯಲಾರೆ. ಅಮ್ಮ ಬಂದ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಹೊರಗಿನವರು ಒಳಗೆ ಹೋಗುತ್ತಿರಲಿಲ್ಲ, ಒಳಗಿನವರು ಬೇರೆ ಮನೆಗೆ ಹೋಗುತ್ತಿರಲಿಲ್ಲ. ಬೇರೆ ಇಡುವುದು ಅಂದರೆ ಅದೇ ತಾನೇ. ಕೊಟ್ಟಿಗೆ ಬಾಗಿಲಿಗೂ ಬೇವು ಕಟ್ಟಿ, ಪೂಜೆ ಮಾಡಿ, ಜೊತೆಗೆ ಡಾಕ್ಟರಿಗೂ ಫೋನ್ ಮಾಡಿ ಅಂದೆವು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಆಸ್ಪತ್ರೆಯ ಗಾಡಿ ಬರುತ್ತದೆ.

ಬಂದೇ ಬಿಟ್ಟರೆ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಜ್ವರಕ್ಕೆ, ನೋವಿಗೆ, ಹುಣ್ಣು ಕೀವಾಗದಂತೆ ಔಷಧಿ ಕೊಡುತ್ತಾರೆ. ಉಳಿದದ್ದು ಆರೈಕೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳಿದ ಮನೆಮದ್ದು ನಮ್ಮೂರ ಹೆಂಗಸರ ಕೈಗೆ ಚೆನ್ನಾಗಿ ಹಿಡಿಸಿತು. ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲ ಸೇರಿಸಿ ಸ್ವಲ್ಪ ಸ್ವಲ್ಪ ತಿನ್ನಿಸುವುದು. ಗಾಯಕ್ಕೆ ಕುಪ್ಪಿಗಿಡ, ಬೇವು, ತುಳಸಿ, ಮದರಂಗಿ, ಬೆಳ್ಳುಳ್ಳಿ, ಅರಿಶಿನ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಆರಿಸಿ ಹಚ್ಚುವುದು. ಹುಳ ಬಿದ್ದರೆ ಮೊದಲ ದಿನ ಸೀತಾಫಲದ ಎಲೆ ಅರೆದು ಹಚ್ಚುವುದು. ಇದು ಗಾಯಕ್ಕೆ, ಹಸಿವಿಗೆ ನೆರವು. ಇದರಿಂದ ರೋಗ ಬರದಂತೆ ತಡೆಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಲಿನ ಬಗ್ಗೆ ಕೇಳುವವರಿಗೆ: ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಹಾಲು ಕಾಯಿಸಿ ಕುಡಿಯಿರಿ. ಆ ವರ್ಷ ಸುಳ್ಳು ಸುದ್ದಿಗೆ ಹೆದರಿ ಜನ ಹಾಲು ಬೇಡ ಅಂದರು. ರೋಗವಿಲ್ಲದ ಹಸುವಿನ ಮನೆಯವರೂ ಅದರಿಂದ ನೊಂದರು.

ಸತ್ತ ದನವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಳ್ಳಕ್ಕೆ ಎಳೆದು ಹಾಕಿದರೆ ಮುಗಿಯಲಿಲ್ಲ. ಒಣಗಿದ ಗಂಟಿನ ಹಕ್ಕಳೆಯಲ್ಲಿ ಈ ವೈರಸ್ ಒಂದು ತಿಂಗಳಿಗೂ ಮೇಲೆ ಬದುಕಿರುತ್ತದೆ. ಕೊಟ್ಟಿಗೆ ಗುಡಿಸಿ, ಕಸ ಸುಟ್ಟು, ನೆಲ ತೊಳೆಯಬೇಕು. ಆ ವರ್ಷ ಸರ್ಕಾರ ಪರಿಹಾರ ಕೊಟ್ಟಿತು: ಹಸುವಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000. ಕೊಟ್ಟದ್ದು ದೊಡ್ಡದೇ. ಆದರೆ ದಿನಕ್ಕೆ ಹದಿನೈದು ಲೀಟರ್ ಕೊಡುವ ಸೀಮೆ ಹಸು ಆ ದುಡ್ಡಿಗೆ ಎಲ್ಲಿ ಸಿಗುತ್ತದೆ? ಮುಂಚೆ ಹಾಕಿಸುವ ಲಸಿಕೆಗೆ ಇದರ ಮುಂದೆ ಖರ್ಚೇ ಇಲ್ಲ.

ಈಗ ನಮ್ಮೂರಲ್ಲಿ ಕಷ್ಟ ಬೇರೆ ಥರ. ರೋಗ ಬಂದು ಹೋದ ದನಗಳಿಗೆ ಮೈಯಲ್ಲಿ ಶಕ್ತಿ ಇದೆ. ಲಸಿಕೆ ಹಾಕಿಸಿಕೊಂಡವಕ್ಕೂ ಇದೆ, ಆದರೆ ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಆಮೇಲೆ ಹುಟ್ಟಿದ ಕರುಗಳಿಗೆ ಎರಡೂ ಇಲ್ಲ. ತಾಯಿಯ ಗಿಣ್ಣು ಹಾಲಿನಿಂದ ಬಂದದ್ದು ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಸಂತೆಯಿಂದ ಹೊಸದಾಗಿ ಬಂದವಕ್ಕೆ ಏನಾಗಿದೆಯೋ. ಹೀಗೆ ಪ್ರತಿ ವರ್ಷ ಒಂದಷ್ಟು ಬರಿಮೈಯ ದನ ಊರಿಗೆ ಸೇರುತ್ತಲೇ ಇರುತ್ತವೆ. 100 ದನದಲ್ಲಿ 80ಕ್ಕಾದರೂ ಲಸಿಕೆ ಆಗಿರಬೇಕು ಅನ್ನುತ್ತಾರೆ. ಒಂದು ವರ್ಷ ಬಿಟ್ಟರೆ ಆ ಲೆಕ್ಕ ತಪ್ಪುತ್ತದೆ.

ಪ್ರತಿ ದನದ ಕಿವಿ ಓಲೆಯಲ್ಲಿ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ, ಸರ್ಕಾರದ ಕಂಪ್ಯೂಟರಿನಲ್ಲಿ ಅದರ ಲಸಿಕೆ ವಿವರ ಕೂರುತ್ತದೆ. ಆದರೆ ಹೊಸ ಕರುವಿಗೆ ಓಲೆ ಹಾಕುವವರೆಗೆ ಅದು ಯಾವ ಲೆಕ್ಕಕ್ಕೂ ಸಿಗದು. ಹಾಗಾಗಿ ನಮ್ಮ ಡೈರಿಯಲ್ಲಿ ಅತ್ತಿಗೆ ಮತ್ತು ನಾಲ್ಕೈದು ಜನ ಹೆಂಗಸರು ಸೇರಿ ಒಂದು ಗೆರೆ ಹಾಕಿದ ನೋಟ್‌ಬುಕ್ ಇಟ್ಟಿದ್ದಾರೆ. ಯಾರ ಮನೆಯಲ್ಲಿ ಕರು ಹಾಕಿತು, ಯಾವ ತಿಂಗಳು, ಗಂಡೋ ಹೆಣ್ಣೋ. ಯಾರು ಎಲ್ಲಿಂದ ಹಸು ತಂದರು. ಕರುವಿಗೆ ನಾಲ್ಕು ತಿಂಗಳು ತುಂಬಿದ ಹೆಸರಿನ ಮುಂದೆ ಕೆಂಪು ಇಂಕಿನ ಗುರುತು. ಹಾಲು ಹಾಕಲು ಬಂದಾಗಲೇ ಕೇಳಿ ಬರೆದುಕೊಳ್ಳುತ್ತಾರೆ. ಏಪ್ರಿಲ್ ಬಂತೆಂದರೆ ಆ ಪುಟಗಳ ಫೋಟೊ ತೆಗೆದು ಪಶು ಆಸ್ಪತ್ರೆಗೆ ಕಳಿಸುತ್ತಾರೆ, ಇಷ್ಟು ಕರು ಬಾಕಿ ಇವೆ, ಯಾವತ್ತು ಬರ್ತೀರಿ ಅಂತ. ನಿಮ್ಮೂರ ಡೈರಿಯಲ್ಲೂ ಇಂಥದ್ದೊಂದು ಪುಸ್ತಕ ಶುರು ಮಾಡಬಹುದು. ಬೇಕಿದ್ದರೆ ಕೇಳಿ, ನಮ್ಮವರು ಪುಟಕ್ಕೆ ಹೇಗೆ ಗೆರೆ ಹೊಡೆದುಕೊಂಡಿದ್ದಾರೆ ಅಂತ ಫೋಟೊ ಕಳಿಸುತ್ತೇನೆ.